ಎಂದರೆ ಸರಿ

ಸುರಪುರ
12 ಜುಲೈ 2024

ಪರಿಮಳಾ,

ಒಂದೂವರೆ ವರ್ಷದಿಂದ ಮಾತು ಬಿಟ್ಟಿದ್ದ ಅಪ್ಪ ಅಂಚೆಯಲ್ಲಿ ಬಂದಿದ್ದಾನೆ. ಬಾಗಿಲು ಹಾಕಬೇಡ, ಪೂರ್ತಿ ಓದು.

ಫೋನ್ ಮಾಡಬಹುದಿತ್ತು. ಆದರೆ ನನ್ನ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಹೋಗುವ ದಾರಿಯಲ್ಲಿದೆ. ಫೋನಿನಲ್ಲಿ ಎಲ್ಲರೂ ಡಬ್ಬಿಯೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತದೆ. ಮೂವತ್ತೊಂದು ವರ್ಷ ಕೋರ್ಟುಗಳಲ್ಲಿ ಕೂತು ಸಾಕ್ಷಿಗಳು ಹೇಳಿದ್ದನ್ನು ಟೈಪ್ ಮಾಡಿದವನು ನಾನು. ಸ್ವಂತ ಮಾತು ಬರೆದು ರೂಢಿಯಿಲ್ಲ, ತಪ್ಪಿದ್ದರೆ ತಿದ್ದಿಕೋ.

ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದ ಸುಲ್ತಾನಸಾಬ ನಿನಗೆ ನೆನಪಿರಬೇಕು. ಈಗ ಅವನೂ ನಿವೃತ್ತ. ಮೊನ್ನೆ ಯಾದಗಿರಿಗೆ ಹೋಗಿ ಬಂದವನು ನನ್ನ ಕಿವಿಗೆ ಬಾಯಿಟ್ಟು ಕೂಗಿದ: “ಸಾಹೇಬ್ರ, ಪರಿಮಳವ್ವ ಟೇಶನ್ ಹತ್ರ ಬೋರ್ಡ್ ಹಾಕ್ಯಾಳ್ರಿ! ಕೋರ್ಟ್ ಕೇಸಿನ ಹುಚ್ಚರನ್ನ ನೋಡ್ತಾಳಂತ!” ಓಣಿಗೆಲ್ಲ ಕೇಳಿಸಿತು. ಸರ್ಕಾರಿ ಆಸ್ಪತ್ರೆಯ ಕಾಯಂ ನೌಕರಿ ಬಿಟ್ಟು ಇದೇನು ಹಚ್ಚಿಕೊಂಡಿದ್ದೀಯ? ಸಂಬಳ ಕೊಡುವವರು ಯಾರು, ರಜೆ ಕೊಡುವವರು ಯಾರು? ಬೈಯುವುದಕ್ಕೆ ಕೇಳುತ್ತಿಲ್ಲ. ನಿಜವಾಗಿ ಗೊತ್ತಿಲ್ಲ, ಅದಕ್ಕೆ ಕೇಳುತ್ತಿದ್ದೇನೆ.

ನಿನ್ನ ಅವ್ವ ತೀರಿಕೊಂಡು ವರ್ಷ ತುಂಬಿದ ದಿನ ನೀನು ನಮ್ಮ ಓಣಿಯ ತಿರುವಿನವರೆಗೆ ಬಂದು ಹಿಂದಿರುಗಿದೆಯಂತೆ. ನೋಡಿದವರು ಹೇಳಿದರು. ಅವತ್ತು ಹೋಳಿಗೆ ಮಾಡಿಸಿದ್ದೆ.

ನಿನ್ನ ಅಪ್ಪ,
ಅಂಬ್ರಪ್ಪ


ಯಾದಗಿರಿ
29 ಜುಲೈ 2024

ಅಪ್ಪಾ,

ಕಾಗದ ತಲುಪಿತು. ಕಿವಿಯನ್ನು ಡಾಕ್ಟರಿಗೆ ತೋರಿಸಿ.

ನೀವು ಕೇಳಿದ್ದಕ್ಕೆ ಉತ್ತರ. ಒಬ್ಬರ ಮನಸ್ಸಿನ ಸ್ಥಿತಿಯ ಬಗ್ಗೆ ಕೋರ್ಟಿನಲ್ಲಿ ಜಗಳ ಬಂದಾಗ, ಎರಡೂ ಕಡೆಗೆ ಸೇರದ ಒಬ್ಬ ಮನಶ್ಶಾಸ್ತ್ರಜ್ಞರು ಬೇಕಾಗುತ್ತಾರೆ. ಆಸ್ತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಮುದುಕನಿಗೆ ಆಗ ತಿಳಿವಳಿಕೆ ಇತ್ತೇ, ಹೆಂಡತಿಗೆ ತಲೆ ಸರಿಯಿಲ್ಲವೆಂದು ವಿಚ್ಛೇದನ ಕೇಳುವ ಗಂಡನ ಮಾತು ನಿಜವೇ, ಇಂಥವು. ನಾನು ಅವರನ್ನು ಕೂರಿಸಿಕೊಂಡು ಮಾತಾಡಿಸಿ, ಪರೀಕ್ಷೆ ಮಾಡಿ ವರದಿ ಕೊಡುತ್ತೇನೆ. ಫೀ ಯಾರೇ ಕಟ್ಟಲಿ, ವರದಿ ಕೋರ್ಟಿನದು. ನಾನು ಯಾರ ಪರವೂ ಅಲ್ಲ. ಹುಚ್ಚರನ್ನು ನೋಡುವ ಬೋರ್ಡ್ ಅಲ್ಲ ಅದು ಎಂದು ಸುಲ್ತಾನಸಾಬರಿಗೆ ಹೇಳಿ.

ಬೇರೆ ವಿಷಯ ಬರೆಯಲು ನನಗೆ ಈಗ ಮನಸ್ಸಿಲ್ಲ.

ಪರಿಮಳಾ


ಯಾದಗಿರಿ
3 ಅಕ್ಟೋಬರ್ 2024

ಅಪ್ಪಾ,

ಆಗಸ್ಟಿನಲ್ಲಿ ನೀವು ಬರೆದ ಎರಡು ಕಾಗದಗಳಿಗೆ ಉತ್ತರಿಸಲಿಲ್ಲ. ಕೆಲಸವಿತ್ತು. ನಿಜ ಹೇಳಬೇಕೆಂದರೆ ಕೆಲಸ ಇಲ್ಲದಿದ್ದಾಗಲೂ ಬರೆಯಲಿಲ್ಲ.

ಈಗ ಬರೆಯುವುದಕ್ಕೆ ಕಾರಣ ಒಂದು ಪ್ರಕರಣ. ಹೆಸರು ಹೇಳುವುದಿಲ್ಲ. ವನದುರ್ಗದ ಕಡೆಯ ಹೆಣ್ಣುಮಗಳು, ಇಪ್ಪತ್ತೇಳು ವಯಸ್ಸು, ಹೊಲದ ಕೂಲಿ. ಎರಡು ವರ್ಷದ ಹಿಂದೆ ಗಂಡ ಪಂಪ್‌ಸೆಟ್ಟಿನ ಕರೆಂಟು ಹೊಡೆದು ಸತ್ತ. ಐದು ವರ್ಷದ ಒಬ್ಬಳೇ ಮಗಳು. ತಾಯಿಗೆ ಬುದ್ಧಿಭ್ರಮೆ, ಕೂಸನ್ನು ನನ್ನ ವಶಕ್ಕೆ ಕೊಡಿ ಎಂದು ಗಂಡನ ಅಪ್ಪ ಅರ್ಜಿ ಹಾಕಿದ್ದಾನೆ. ಆಕೆಯನ್ನು ಪರೀಕ್ಷಿಸಲು ಕೋರ್ಟು ನನ್ನನ್ನು ನೇಮಿಸಿತು.

ಇಪ್ಪತ್ತೆಂಟು ಪ್ರಶ್ನೆಗಳ ಒಂದು ಪಟ್ಟಿ ಇದೆ. ಯಾರೂ ಇಲ್ಲದಾಗ ಧ್ವನಿಗಳು ಕೇಳಿಸುತ್ತವೆಯೇ, ನಿಮ್ಮ ಮೇಲೆ ಯಾರೋ ಸಂಚು ಮಾಡುತ್ತಿದ್ದಾರೆ ಎನಿಸುತ್ತದೆಯೇ, ಜೀವ ಬೇಡವಾಗಿದೆಯೇ, ಹೀಗೆ. ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟೂ ಹೌದು. ಆಕೆ ತಲೆ ಎತ್ತಲಿಲ್ಲ, ತಡವರಿಸಲೂ ಇಲ್ಲ. ಇಷ್ಟು ತೀವ್ರವಾದದ್ದನ್ನು ನಾನು ಆಸ್ಪತ್ರೆಯಲ್ಲೂ ನೋಡಿರಲಿಲ್ಲ. ಗಂಭೀರ ಮಾನಸಿಕ ಕಾಯಿಲೆ, ಮಗುವಿನ ಪಾಲನೆಗೆ ಸದ್ಯ ಅಸಮರ್ಥಳು ಎಂದು ವರದಿ ಕೊಟ್ಟೆ. ಅದರ ಮೇಲೆ ಮಗು ಆಕೆಯಿಂದ ಹೋಗುವುದು ಬಹುತೇಕ ಖಚಿತ.

ಯಾಕೋ ನಿಮಗೆ ಹೇಳಬೇಕೆನಿಸಿತು. ಪರೀಕ್ಷೆ ಮುಗಿದು ಎದ್ದು ನಿಂತಾಗ ಆಕೆ ನನಗೆ ಕೈಮುಗಿದು ನಕ್ಕಳು, ಎಲ್ಲ ಚೆನ್ನಾಗಿ ಆಯಿತು ಎಂಬಂತೆ.

ಪರಿಮಳಾ


ಸುರಪುರ
14 ಅಕ್ಟೋಬರ್ 2024

ಪರಿಮಳಾ,

ಹೆಸರು ಬರೆಯಲಿಲ್ಲ, ಒಳ್ಳೆಯದು ಮಾಡಿದೆ. ಅಷ್ಟನ್ನೂ ಬರೆಯಬಾರದಿತ್ತು. ಆದರೆ ಬರೆದದ್ದು ಒಳ್ಳೆಯದಾಯಿತು.

ಒಂದು ಕೇಳುತ್ತೇನೆ, ಸಿಟ್ಟಾಗಬೇಡ. ಆಕೆ “ಹೌದು” ಅಂದಳೋ, “ಹೌದ್ರಿ” ಅಂದಳೋ?

ನಕ್ಕುಬಿಡಬೇಡ. ಹಿಂದೆ ನಾನಿದ್ದ ಒಂದು ಕೋರ್ಟಿನಲ್ಲಿ, ಊರ ಹೆಸರು ಬೇಡ, ಮರಿಲಿಂಗ ಎಂಬ ರೈತನ ದಾವೆ ನಡೆದಿತ್ತು. ಅವನ ಮೂರೆಕರೆಯನ್ನು ಅವನ ಅಪ್ಪ ಎಂದೋ ಮಾರಿದ್ದಾನೆ ಎಂದು ಎದುರಿನವರ ವಾದ. ಮಾರಿರಲಿಲ್ಲ. ಅದು ನಮ್ಮೆಲ್ಲರಿಗೂ ಗೊತ್ತಿತ್ತು, ಕಾಗದಕ್ಕೆ ಗೊತ್ತಿರಲಿಲ್ಲ. ಮರಿಲಿಂಗ ಕಟಕಟೆಗೆ ಬಂದ. ಎದುರು ವಕೀಲ ಸಣ್ಣ ದನಿಯಲ್ಲಿ, ಮರ್ಯಾದೆಯಿಂದ ಕೇಳಿದ: ನಿಮ್ಮ ತಂದೆ ಈ ಜಮೀನು ಮಾರಿದ್ದರು, ಅಲ್ಲವೇ? “ಹೌದ್ರಿ.” ಪತ್ರದ ಮೇಲಿನ ಹೆಬ್ಬೆಟ್ಟು ಅವರದೇ? “ಹೌದ್ರಿ.” ನೀವು ಸುಳ್ಳು ಹೇಳುತ್ತಿದ್ದೀರಿ? “ಹೌದ್ರಿ.”

ಜಬಾನಿ, ಅಂದರೆ ಸಾಕ್ಷಿಯ ಹೇಳಿಕೆ, ಬರೆಯುವ ಕನ್ನಡ ನಿನಗೆ ಗೊತ್ತಿದೆ. ಸಾಕ್ಷಿ ಒಪ್ಪಿದರೆ “ಎಂದರೆ ಸರಿ” ಎಂದು ಹಾಕಬೇಕು. ನಾನು ಟೈಪ್ ಮಾಡಿದೆ: ನನ್ನ ತಂದೆ ಸದರಿ ಜಮೀನನ್ನು ಮಾರಿದ್ದಾರೆ ಎಂದರೆ ಸರಿ. ಹೆಬ್ಬೆಟ್ಟಿನ ಗುರುತು ಅವರದೇ ಎಂದರೆ ಸರಿ. ಒಂದು ಅಕ್ಷರ ತಪ್ಪಿರಲಿಲ್ಲ.

ತೀರ್ಪಾದ ದಿನ ವರಾಂಡದಲ್ಲಿ ಮರಿಲಿಂಗ ನನ್ನ ಹತ್ತಿರ ಬಂದ. “ಸಾಹೇಬ್ರ ಮುಂದ ಒಂದೂ ಎದುರ ಮಾತಾಡಲಿಲ್ರಿ. ಕೇಳಿದ್ದಕ್ಕೆಲ್ಲಾ ಹೌದ್ರಿ ಹೌದ್ರಿ ಅಂದೀನಿ. ಆದ್ರೂ ಹೊಲ ಯಾಕ ಹೋತ್ರಿ?” ಅಂದ. ನಾನು ಒಳಗೆ ಹೋಗಿ ಮುಂದಿನ ಜಬಾನಿಗೆ ಹಾಳೆ ಹಾಕಿದೆ. ಅವನು ಊರು ಬಿಟ್ಟ. ಆಮೇಲೆ ಅವನನ್ನು ನಾನು ನೋಡಲಿಲ್ಲ.

ನಮ್ಮ ಕಡೆಯ ಕೂಲಿಯವರು ಕುರ್ಚಿಯ ಮೇಲೆ ಕೂತವರಿಗೆ ಹೇಳುವ “ಹೌದ್ರಿ” ಉತ್ತರವಲ್ಲ ಮಗಳೇ. “ನಿಮ್ಮ ಮಾತು ಕಿವಿಗೆ ಬಿತ್ತು, ಮುಂದೆ ಹೇಳಿ” ಎಂದು ಅದರ ಅರ್ಥ. ಗೌಡನಿಗೂ ಅದೇ, ಪೊಲೀಸನಿಗೂ ಅದೇ, ಡಾಕ್ಟರಿಗೂ ಅದೇ. ನಿನ್ನನ್ನು ಹನ್ನೊಂದನೆಯ ವಯಸ್ಸಿಗೆ ಧಾರವಾಡದ ಹಾಸ್ಟೆಲಿಗೆ ಕಳಿಸಿದವನು ನಾನೇ. ಅಲ್ಲಿ ನೀನು ಈ ಮಾತು ಮರೆತಿದ್ದರೆ ತಪ್ಪು ನಿನ್ನದಲ್ಲ.

ಒಂದು ಉಪಾಯವಿದೆ. ನಿನ್ನ ಪಟ್ಟಿಯ ದನಿಯಲ್ಲೇ ಆಕೆಗೆ ಒಂದು ಶುದ್ಧ ಸುಳ್ಳು ಪ್ರಶ್ನೆ ಕೇಳಿ ನೋಡು. ಅದಕ್ಕೂ ಹೌದ್ರಿ ಅಂದರೆ ನಿನಗೇ ತಿಳಿಯುತ್ತದೆ. ಖರೆ ಮಾತು ಬೇಕಾದರೆ ಆಕೆಯ ಕೈಯಲ್ಲಿ ಕೆಲಸವಿರುವಾಗ ಹೋಗಿ ಪಕ್ಕದಲ್ಲಿ ಕೂತುಕೋ. ಕೈ ಖಾಲಿ ಇದ್ದಾಗ ನಮ್ಮ ಮಂದಿ ಬರೀ ಮರ್ಯಾದೆ ಕೊಡುತ್ತಾರೆ.

ನಿನ್ನ ಅಪ್ಪ,
ಅಂಬ್ರಪ್ಪ


ಯಾದಗಿರಿ
2 ನವೆಂಬರ್ 2024

ಅಪ್ಪಾ,

ಆ ಪ್ರಶ್ನೆಗಳನ್ನು ಸಾವಿರಾರು ಜನರ ಮೇಲೆ ಪರೀಕ್ಷಿಸಿ, ತೂಗಿ, ಕನ್ನಡಕ್ಕೆ ತಂದಿದ್ದಾರೆ. ನಾನು ಎಂಟು ವರ್ಷ ಓದಿ, ಆರು ವರ್ಷ ಆಸ್ಪತ್ರೆಯಲ್ಲಿ ದುಡಿದವಳು. ಒಬ್ಬ ಮರಿಲಿಂಗನ ಕಥೆ ಹೇಳಿ ನನ್ನ ವರದಿ ತಪ್ಪು ಎನ್ನುತ್ತೀರಿ.

ಅವ್ವ ಆ ಮನೆಯಲ್ಲಿ ನಿಮ್ಮ ಜೊತೆ ಮೂವತ್ತನಾಲ್ಕು ವರ್ಷ ಇದ್ದಳು. ಮಂದಿಯ ಮಾತು ಕೇಳುವ ವಿದ್ಯೆಯನ್ನು ನೀವು ನನಗೆ ಕಲಿಸಬೇಡಿ.

ಪರಿಮಳಾ


ಯಾದಗಿರಿ
11 ಜನವರಿ 2025

ಅಪ್ಪಾ,

ಎರಡು ತಿಂಗಳ ಮೇಲಾಯಿತು. ನೀವೂ ಬರೆಯಲಿಲ್ಲ. ನಾನು ಬರೆದ ರೀತಿಗೆ ನೀವು ಬರೆಯದಿದ್ದದ್ದೇ ಸರಿ.

ನಿಮ್ಮ ಕಾಗದವನ್ನು ಹರಿದು ಹಾಕಬೇಕೆಂದಿದ್ದೆ, ಆಗಲಿಲ್ಲ. ಪರೀಕ್ಷೆಯ ದಿನ ಆಕೆಯ ಅನುಮತಿ ಕೇಳಿ ಮಾತನ್ನು ಧ್ವನಿಮುದ್ರಣ ಮಾಡಿಕೊಂಡಿದ್ದೆ. ಅನುಮತಿಗೂ ಆಕೆ “ಹೌದ್ರಿ” ಅಂದಿದ್ದಳು. ಡಿಸೆಂಬರಿನಲ್ಲಿ ಅದನ್ನು ಹಾಕಿಕೊಂಡು ಕೇಳಿದೆ. ನಾನು ಪ್ರಶ್ನೆ ಮುಗಿಸುವ ಮೊದಲೇ ಆಕೆ ಹೌದ್ರಿ ಅನ್ನುತ್ತಿದ್ದಾಳೆ. ಎರಡು ಕಡೆ ನಾನು ಕೆಮ್ಮಿದ್ದಕ್ಕೂ ಹೌದ್ರಿ ಅಂದಿದ್ದಾಳೆ. ಅವತ್ತು ನನಗೆ ಇನ್ನೆರಡು ಪ್ರಕರಣಗಳಿದ್ದವು. ನಲವತ್ತು ನಿಮಿಷದಲ್ಲಿ ಮುಗಿಸಿದ್ದೆ. ಬಾಗಿಲ ಹೊರಗೆ ಆಕೆಯ ಮಾವ ಕೂತಿದ್ದ. ಇದೆಲ್ಲ ನನ್ನ ಕಣ್ಣೆದುರೇ ಇತ್ತು ಅಪ್ಪಾ. ನಾನು ನೋಡಲಿಲ್ಲ.

ನನ್ನ ವರದಿಯ ಬಗ್ಗೆ ನನಗೇ ಸಂಶಯವಿದೆ ಎಂದು ಕೋರ್ಟಿಗೆ ಬರೆದುಕೊಟ್ಟು, ಇನ್ನೊಮ್ಮೆ ಭೇಟಿಗೆ ಅನುಮತಿ ಪಡೆದೆ. ಮೊನ್ನೆ ಆಕೆಯ ಮನೆಗೆ ಹೋದೆ. ಅಂಗಳದಲ್ಲಿ ಎದುರಿಗೆ ಕೂತು, ಪಟ್ಟಿ ಕೈಯಲ್ಲಿ ಹಿಡಿದು, ನೀವು ಹೇಳಿದ ಹಾಗೆ ಕೇಳಿದೆ.

“ನಿಮಗೆ ಮೂವರು ಗಂಡುಮಕ್ಕಳಿದ್ದಾರೆಯೇ?”

“ಹೌದ್ರಿ.”

“ನೀವು ವಿಮಾನ ನಡೆಸುತ್ತೀರಾ?”

“ಹೌದ್ರಿ.”

ಪಕ್ಕದಲ್ಲಿ ಕಡ್ಡಿಯಿಂದ ನೆಲ ಗೀರುತ್ತಿದ್ದ ಕೂಸು ಕಿಸಕ್ಕನೆ ನಕ್ಕಿತು. “ಯವ್ವಾ, ನೀ ಇಮಾನ ನಡಸ್ತೀಯೇನು?” ಅಂತು. ಆಕೆ ಗಾಬರಿಯಾಗಿ ನನ್ನ ಮುಖ ನೋಡಿದಳು. “ಅದನ್ನ ಕೇಳಿದ್ರೇನ್ರಿ ಅಕ್ಕಾರ? ನೀವು ಏನೋ ಓದಾಕತ್ತೀರಿ ಅನಕೊಂಡೆ.”

ನನಗೆ ನಗು ಬರಲಿಲ್ಲ. ಪಟ್ಟಿಯನ್ನು ಚೀಲಕ್ಕೆ ಹಾಕಿದೆ.

ಆಮೇಲೆ ಆಕೆ ತೊಗರಿ ಹಸನು ಮಾಡಲು ಕೂತಳು. ನನಗೂ ಒಂದು ಮೊರ ಕೊಟ್ಟಳು. ಹರಳು ಆರಿಸುತ್ತಾ ಆರಿಸುತ್ತಾ, ನಾನು ಕೇಳದೆಯೇ ಮಾತು ಶುರುವಾಯಿತು. ಸತ್ತ ಗಂಡನ ಜೊತೆ ಮಾತಾಡುತ್ತಾಳೆ ಎಂದು ಮಾವ ಅರ್ಜಿಯಲ್ಲಿ ಬರೆಸಿದ್ದ. ಅದಕ್ಕೆ ಹೇಳಿದಳು: “ಮಾತಾಡ್ತೀನಿ. ರೊಟ್ಟಿ ಬಡಿಯುವಾಗ ಮಾತಾಡ್ತೀನಿ. ಅವ ಹೊಳ್ಳಿ ಮಾತಾಡಂಗಿಲ್ಲ. ಮಾತಾಡಿದ್ರ ಚೊಲೊ ಇತ್ತು.” ಧ್ವನಿ ಇಲ್ಲ, ಸಂಚಿನ ಭಯ ಇಲ್ಲ, ಭ್ರಮೆ ಇಲ್ಲ. ದುಃಖ ಇದೆ. ಮದ್ದಿಲ್ಲದೆ ಎರಡು ವರ್ಷ ಹೊತ್ತ ದುಃಖ.

ಆದರೆ ಇಪ್ಪತ್ತೆಂಟರಲ್ಲಿ ಒಂದು ಹೌದ್ರಿ ನಿಜವಾದ ಹೌದು ಆಗಿತ್ತು.

ಗಂಡ ಹೋದ ಮೂರು ತಿಂಗಳಿಗೆ ಒಂದು ಮಧ್ಯಾಹ್ನ ಕೂಸನ್ನು ಸೆರಗಿನಲ್ಲಿ ಬಗಲಿಗೆ ಬಿಗಿದುಕೊಂಡು ಕಾಲುವೆಗೆ ಹೋಗಿದ್ದಳಂತೆ. ಮೊಣಕಾಲು ಮಟ್ಟ ಇಳಿದಿದ್ದಳಂತೆ. ಯಾಕೆ ಹಿಂದೆ ಬಂದಿರಿ ಎಂದು ಕೇಳಿದೆ. ಮೊರದ ಮೇಲಿನ ಕೈ ನಿಲ್ಲಲಿಲ್ಲ. “ಅಕಿಗೆ ನೀರಡಿಕಿ ಆಗಿತ್ರಿ. ‘ಯವ್ವಾ, ನೀರು’ ಅಂದ್ಲು. ಕಾಲುವಿ ನೀರು ರಾಡಿ ಇತ್ತು. ಮನಿಗೆ ಕರಕೊಂಡು ಬಂದು ಕುಡಿಸಿದೆ.”

ಅಷ್ಟೇ ಹೇಳಿದಳು. ನನಗೆ ತೊಗರಿ ಯಾವುದು ಹರಳು ಯಾವುದು ಕಾಣಿಸಲಿಲ್ಲ.

ಇದನ್ನು ನಾನು ಬರೆಯಬೇಕಾಗುತ್ತದೆ, ಇದರಿಂದ ನಿಮಗೆ ಕೆಡುಕಾಗಬಹುದು ಎಂದು ಹೇಳಿದೆ. ಆಕೆ ಮೊರ ಕೆಳಗಿಟ್ಟು ಹೇಳಿದಳು: “ಬರೀರಿ. ಹೋಗಿದ್ದೂ ಖರೆ, ಹೊಳ್ಳಿ ಬಂದಿದ್ದೂ ಖರೆ. ಒಂದ ಬರದು ಒಂದ ಬಿಡಬ್ಯಾಡ್ರಿ.”

ನೀವು ಹೇಳಿದ್ದು ಸರಿಯಿತ್ತು ಅಪ್ಪಾ.

ಪರಿಮಳಾ


ಸುರಪುರ
18 ಜನವರಿ 2025

ಪರಿಮಳಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಕಾಲುವೆಯ ಮಾತು ಬರೆಯಬೇಡ.

ಕೋರ್ಟು ಎಂದರೆ ಏನೆಂದು ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಎರಡು ಮಾತು ಕೊಟ್ಟರೆ ತನಗೆ ಬೇಕಾದ ಒಂದನ್ನು ಹಿಡಿದುಕೊಂಡು ಓಡುವವರು ವಕೀಲರು. ಹೋಗಿದ್ದು ನಿಲ್ಲುತ್ತದೆ, ಬಂದಿದ್ದು ಬಿದ್ದುಹೋಗುತ್ತದೆ. ಮಾವನ ಕಡೆಯವರು ಆ ಒಂದು ಸಾಲನ್ನು ಹಿಡಿದು ಕೂಸನ್ನು ಎತ್ತಿಕೊಂಡು ಹೋಗುತ್ತಾರೆ. ಇಪ್ಪತ್ತೇಳು ಸುಳ್ಳು ಹೌದುಗಳನ್ನು ಅಳಿಸಿದ್ದೀಯ, ಇದೊಂದನ್ನೂ ಅಳಿಸು. ಯಾರಿಗೆ ಗೊತ್ತಾಗುತ್ತದೆ? ನೀನು, ಆಕೆ, ಕಿವುಡ ನಾನು.

ನಾನು ಒಮ್ಮೆಯಾದರೂ ಒಂದು ಸಾಲು ಬಿಟ್ಟು ಟೈಪ್ ಮಾಡಿದ್ದರೆ ಮರಿಲಿಂಗ ಇವತ್ತು ತನ್ನ ಹೊಲದಲ್ಲಿರುತ್ತಿದ್ದ. ಅಪ್ಪ ಇಷ್ಟು ಕೇಳುತ್ತಿದ್ದಾನೆ ಮಗಳೇ. ಬೇಡಿಕೊಳ್ಳುತ್ತಿದ್ದೇನೆ ಎಂದೇ ತಿಳಿ.

ನಿನ್ನ ಅಪ್ಪ,
ಅಂಬ್ರಪ್ಪ


ಯಾದಗಿರಿ
20 ಫೆಬ್ರವರಿ 2025

ಅಪ್ಪಾ,

ಬರೆದೆ. ಕಾಲುವೆಯನ್ನೂ ಬರೆದೆ, ರಾಡಿ ನೀರನ್ನೂ ಬರೆದೆ, ಆಕೆಯ ಮಾತಿನಲ್ಲೇ ಬರೆದೆ. ನೀವು ಅಷ್ಟು ಕೇಳಿಕೊಂಡರೂ ಕೇಳಲಿಲ್ಲ ಎಂದು ನೊಂದುಕೊಳ್ಳಬೇಡಿ. ಮೊದಲ ಸಲ ನಾನು ಆಕೆ ಹೇಳದ್ದನ್ನು ಬರೆದೆ. ಈ ಸಲ ಹೇಳಿದ್ದನ್ನು ಬಿಟ್ಟರೆ ನಾನು ಎರಡನೇ ಬಾರಿ ಆಕೆಯ ಬಾಯಿ ಮುಚ್ಚಿದ ಹಾಗಾಗುತ್ತದೆ. ಆಕೆ ಬರೀರಿ ಅಂದಿದ್ದಾಳೆ. ಅದು ಹೌದ್ರಿ ಅಲ್ಲ.

ಮೊನ್ನೆ ನನ್ನನ್ನು ಕಟಕಟೆಗೆ ಕರೆದರು. ಮಾವನ ವಕೀಲರು ಎರಡೂ ವರದಿಗಳನ್ನು ಎರಡು ಕೈಯಲ್ಲಿ ಹಿಡಿದು ಸಭೆಗೆಲ್ಲ ತೋರಿಸಿದರು. “ಯಾವುದನ್ನು ನಂಬಬೇಕು ಮೇಡಂ? ಅಕ್ಟೋಬರಿನ ತಜ್ಞೆಯನ್ನೋ, ಜನವರಿಯ ತಜ್ಞೆಯನ್ನೋ?” ಜನ ನಕ್ಕರು. ಮೊದಲನೆಯದು ಸುಳ್ಳೇ ಎಂದು ಕೇಳಿದರು. ಸುಳ್ಳಲ್ಲ, ತಪ್ಪು ಎಂದೆ. ಎರಡನೆಯದೂ ತಪ್ಪಿರಬಹುದಲ್ಲ ಎಂದರು. ಇರಬಹುದು, ಅದಕ್ಕೇ ಆಕೆಗೆ ಅನುಕೂಲವಾದದ್ದನ್ನು ಮಾತ್ರ ಬರೆದಿಲ್ಲ ಎಂದೆ. ಈಗ ಆಕೆಯಿಂದ ಮಗುವಿಗೆ ಅಪಾಯ ಕಾಣುವುದಿಲ್ಲ, ಆದರೆ ಆಕೆಗೆ ಚಿಕಿತ್ಸೆ ಬೇಕು, ತಿಂಗಳಿಗೊಮ್ಮೆ ಡಾಕ್ಟರು ನೋಡಬೇಕು ಎಂದೆ.

ಕೊನೆಗೆ ಜಬಾನಿಯನ್ನು ನನಗೆ ಓದಿ ಹೇಳಿದರು. ಟೈಪಾದದ್ದು ಹೀಗಿತ್ತು: “ನಾನು ಮೊದಲ ವರದಿಯಲ್ಲಿ ತಪ್ಪು ಮಾಡಿದ್ದೇನೆ ಎಂದರೆ ಸರಿ.” ಸಹಿ ಹಾಕಿದೆ.

ಕಾಲುವೆಯ ಸಾಲನ್ನು ಓದಿದಾಗ ಮಾವ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಅವನಿಗೆ ಮೊದಲೇ ಗೊತ್ತಿತ್ತಂತೆ. ಅವತ್ತು ಬಟ್ಟೆ ಒಗೆಯುತ್ತಿದ್ದವರು ಯಾರೋ ಹೇಳಿದ್ದರಂತೆ. ಮನೆಯ ಮರ್ಯಾದೆಗೆ ಅಂಜಿ ಅದನ್ನು ಅರ್ಜಿಯಲ್ಲಿ ಬರೆಸದೆ, ಹುಚ್ಚು ಎಂದು ಬರೆಸಿದ್ದ. ಹೊರಗೆ ಬಂದ ಮೇಲೆ ಆಕೆಗೇ ಹೇಳುತ್ತಿದ್ದ: “ಮಗನ್ನ ಕಳಕೊಂಡೀನಿ. ಕೂಸಿನ್ನೂ ಕಳಕೋಬೇಕೇನವ್ವಾ ನಾ?” ಅವನು ಕೆಟ್ಟವನೆಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ.

ಇಬ್ಬರು ವಕೀಲರು ತಮ್ಮ ಪ್ರಕರಣಗಳ ಕಡತ ವಾಪಸು ತರಿಸಿಕೊಂಡರು. ಮಾತು ತಿರುಗಿಸುವ ತಜ್ಞೆ ಎಂದು ಹೆಸರಾಗಿದೆ. ಬೋರ್ಡ್ ಇದೆ, ಬರುವವರು ಕಡಿಮೆ. ನನಗೆ ಹೆದರಿಕೆಯಾಗಿದೆ ಅಪ್ಪಾ. ಆದೇಶ ಮಾರ್ಚ್ ಇಪ್ಪತ್ತಕ್ಕೆ.

ಪರಿಮಳಾ


ಸುರಪುರ
1 ಮಾರ್ಚ್ 2025

ಪರಿಮಳಾ,

ನೀನು ಮಾಡಿದ್ದು ಸರಿ. ನಾನು ಕೇಳಿದ್ದು ತಪ್ಪು. ಹೀಗೆ ಬರೆಯಲು ನನಗೆ ಒಂದು ವಾರ ಹಿಡಿಯಿತು.

ಅದರ ಜೊತೆ ಇನ್ನೊಂದು ಬರೆಯಬೇಕು. ನವೆಂಬರಿನಲ್ಲಿ ನೀನು ಅವ್ವನ ಹೆಸರು ತೆಗೆದೆ. ಅವಳ ಮೂರನೇ ದಿನದ ಕಾರ್ಯದಲ್ಲೂ ಮಂದಿಯ ಮುಂದೆ ನನ್ನನ್ನು ಕೇಳಿದ್ದೆ, “ನೀವು ಅಕಿನ್ನ ಒಂದಿನಾರ ಕೇಳಿದ್ರೇನು?” ಎಂದು. ಕೇಳಿದ್ದೆ ಎಂದು ನಾನು ಕೂಗಾಡಿದೆ. ಅವತ್ತಿನಿಂದ ನಮ್ಮ ಮಾತು ನಿಂತಿತು.

ಕೇಳಿದ್ದು ನಿಜ. ದಿನಾ ಸಂಜೆ ಮನೆಗೆ ಬಂದು ಬೂಟು ಬಿಚ್ಚುತ್ತಾ ಕೇಳುತ್ತಿದ್ದೆ. “ಹನುಮವ್ವಾ, ಆರಾಮ ಅದಿಯೇನು?” “ಹೌದ್ರಿ.” “ಕಾಲ ನೋವು ಕಡಿಮಿ ಆಗ್ಯಾದೇನು?” “ಹೌದ್ರಿ.” ಒಂದು ಬೂಟಿಗೆ ಒಂದು ಪ್ರಶ್ನೆ, ಎರಡನೆಯ ಬೂಟಿಗೆ ಎರಡನೆಯದು. ತಲೆ ಎತ್ತಿ ಅವಳ ಕಾಲು ನೋಡಲಿಲ್ಲ. ಕೊನೆಗೆ ಆಸ್ಪತ್ರೆಗೆ ಒಯ್ದಾಗ, ಕಿಡ್ನಿ ಎರಡೂ ಹೋಗಿವೆ, ವರ್ಷದಿಂದ ಕಾಲು ಬಾತಿರಬೇಕಲ್ಲ, ನೀವು ನೋಡಲಿಲ್ಲವೇ ಎಂದು ಡಾಕ್ಟರು ಕೇಳಿದರು. ನಾನು ಏನು ಹೇಳಿದೆ ಗೊತ್ತೇ? ಆರಾಮಿದ್ದೇನೆ ಎಂದೇ ಹೇಳುತ್ತಿದ್ದಳು ಎಂದೆ.

ಮರಿಲಿಂಗನ “ಹೌದ್ರಿ” ಅರ್ಥವಾದವನಿಗೆ ಮನೆಯೊಳಗಿನದು ಅರ್ಥವಾಗಲಿಲ್ಲ. ಕೋರ್ಟಿನಲ್ಲಿ ಅದನ್ನು ಒಪ್ಪಿಗೆ ಎಂದು ಬರೆದದ್ದು ಕಾನೂನಿಗೆ ಅಂಜಿ. ಮನೆಯಲ್ಲಿ ಯಾರಿಗೂ ಅಂಜಬೇಕಿರಲಿಲ್ಲ. ನನಗೆ ಅದು ಅನುಕೂಲವಾಗಿತ್ತು, ಅಷ್ಟೇ. ಅವಳು ಹೌದ್ರಿ ಅಂದರೆ ನಾನು ಊಟಕ್ಕೆ ಕೂರಬಹುದಿತ್ತು.

ನನ್ನನ್ನು ಕ್ಷಮಿಸು ಎಂದು ನಿನಗೆ ಬರೆಯುವುದು ಸರಿಯೋ ಅಲ್ಲವೋ ತಿಳಿಯದು. ಕ್ಷಮಿಸಬೇಕಾದವಳು ನೀನಲ್ಲ. ಅವಳು ಇಲ್ಲ.

ಅಂಬ್ರಪ್ಪ


ಯಾದಗಿರಿ
10 ಮಾರ್ಚ್ 2025

ಅಪ್ಪಾ,

ಅವ್ವನ ಬಗ್ಗೆ ನೀವು ಬರೆದದ್ದಕ್ಕೆ ಮೂರು ಸಲ ಉತ್ತರ ಬರೆಯಲು ಕೂತೆ. ಆಗಲಿಲ್ಲ. ಅವಳು ನನಗೂ ಫೋನಿನಲ್ಲಿ ಆರಾಮ ಅಂತಲೇ ಹೇಳುತ್ತಿದ್ದಳು. ನಾನೂ ಸರಿ ಎಂದು ಫೋನ್ ಇಡುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಅವತ್ತು ನಿಮ್ಮ ಮೇಲೆ ಕೂಗಿದ್ದರಲ್ಲಿ ಅರ್ಧ ನನ್ನ ಮೇಲೆಯೇ ಇತ್ತು.

ಇಪ್ಪತ್ತನೇ ತಾರೀಖು ನಾನು ಕೋರ್ಟಿಗೆ ಹೋಗುವುದಿಲ್ಲ. ಅಭಿಪ್ರಾಯ ಕೊಟ್ಟವಳು ಆದೇಶದ ದಿನ ಬಾಗಿಲಲ್ಲಿ ನಿಂತು ಕಾಯಬಾರದು. ಆದರೆ ಬಹಳ ಚಡಪಡಿಕೆಯಾಗುತ್ತಿದೆ.

ನಿಮ್ಮ ಮಗಳು,
ಪರಿಮಳಾ


ಸುರಪುರ
21 ಮಾರ್ಚ್ 2025

ಪರಿಮಳಾ,

ನಾನು ಯಾರಿಗೂ ತಜ್ಞನಲ್ಲ. ಆದ್ದರಿಂದ ನಿನ್ನೆ ಸುಲ್ತಾನಸಾಬನನ್ನು ಕರೆದುಕೊಂಡು ಶಹಾಪುರದ ಮೇಲೆ ಹಾಯ್ದು ಯಾದಗಿರಿಗೆ ಹೋದೆ. ನಿನ್ನ ಬೋರ್ಡಿನ ಮುಂದೆ ಬಸ್ಸು ಹೋಯಿತು. ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ.

ಬಾಗಿಲಲ್ಲಿ ಜವಾನ ಹೆಸರು ಕೂಗಿದ. ಸುಲ್ತಾನಸಾಬನಿಗೆ ಆ ಕೂಗು ಹಿಡಿಸಲಿಲ್ಲ, “ಇದೇನ್ ಕೂಗ್ರಿ, ಬೆಕ್ಕಿನ್ನ ಕರದಂಗ” ಎಂದು ಗೊಣಗಿ ನನ್ನ ಕಿವಿಯಲ್ಲಿ ಹೇಳಿದ: ದೇವಕಮ್ಮ. ನೀನು ಇಷ್ಟು ದಿನ ಬರೆಯದೇ ಇಟ್ಟ ಹೆಸರು. ಗಂಡನ ಹೆಸರು ಶರಣಕುಮಾರ, ಮಾವ ಯಂಕಣ್ಣ, ಕೂಸು ಅಂಜನಾ. ಎಲ್ಲರನ್ನೂ ನೋಡಿದೆ. ದೇವಕಮ್ಮ ಸಣ್ಣ ಹೆಣ್ಣುಮಗಳು. ಕಟಕಟೆಯಲ್ಲಿ ನಿಂತರೆ ತಲೆಯಷ್ಟೇ ಕಾಣುತ್ತದೆ.

ಕೂಸು ತಾಯಿಯ ಹತ್ತಿರವೇ ಇರಬೇಕು ಎಂದು ನ್ಯಾಯಾಧೀಶರು ಹೇಳಿದರು. ನಿನ್ನ ಎರಡನೆಯ ವರದಿಯ ಸಾಲು ಓದಿದರು. ಹೋದದ್ದನ್ನೂ ಓದಿದರು, ಹೊಳ್ಳಿ ಬಂದದ್ದನ್ನೂ ಓದಿದರು. ಒಂದು ಬಿದ್ದುಹೋಗುತ್ತದೆ ಎಂದು ನಾನು ಹೇಳಿದ್ದು ಸುಳ್ಳಾಯಿತು. ಒಂದು ವರ್ಷ ದೇವಕಮ್ಮ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಬೇಕು, ಅವತ್ತು ಕೂಸು ಅಜ್ಜನ ಹತ್ತಿರ ಇರಬೇಕು ಎಂದು ಶರತ್ತು. ನ್ಯಾಯಾಧೀಶರು ಆಕೆಯ ಕಡೆ ತಿರುಗಿ ಕೇಳಿದರು: “ಪ್ರತಿ ತಿಂಗಳ ಮೊದಲನೆಯ ಸೋಮವಾರ. ಆಗುತ್ತದೆಯೇನಮ್ಮ?”

ಆಕೆ ಏನು ಹೇಳುತ್ತಾಳೆ ಎಂದು ನನಗೆ ಗೊತ್ತಿತ್ತು. ಟೈಪಿಸ್ಟನಿಗೂ ಗೊತ್ತಿತ್ತು, ಅವನ ಬೆರಳು ಆಗಲೇ ಓಡುತ್ತಿತ್ತು. ದೇವಕಮ್ಮ ಬಾಯಿ ತೆರೆದಳು, ಮುಚ್ಚಿದಳು. ಸೆರಗು ಸರಿಮಾಡಿಕೊಂಡಳು.

“ಇಲ್ರಿ,” ಅಂದಳು.

ಆಕೆಯ ವಕೀಲರೇ ಬೆಚ್ಚಿ ಕೈಸನ್ನೆ ಮಾಡಿದರು. ಆಕೆ ಅವರನ್ನು ನೋಡಲಿಲ್ಲ. “ಸೋಮಾರ ಆಗಂಗಿಲ್ರಿ, ಕೂಲಿ ತಪ್ಪತದ. ಅಮಾಸಿ ದಿನ ಯಾರೂ ಹೊಲಕ್ಕ ಕರಿಯಂಗಿಲ್ಲ. ಅಮಾಸಿಗೆ ಬರ್ತೀನಿ. ಕೂಸು ಅವತ್ತ ಮುತ್ಯಾನ ಹತ್ರ ಇರಲಿ.” ಭಾನುವಾರ ಅಮಾವಾಸ್ಯೆ ಬಂದರೆ ಆಸ್ಪತ್ರೆ ಮುಚ್ಚಿರುತ್ತದಲ್ಲ ಎಂದು ಎದುರು ವಕೀಲ ಎದ್ದ. “ಮರುದಿನ ಬರ್ತೀನ್ರಿ. ಒಂದಿನ ಕೂಲಿ ಹೋದ್ರ ಹೋಗ್ಲಿ,” ಅಂದಳು. ನ್ಯಾಯಾಧೀಶರು ಕನ್ನಡಕ ತೆಗೆದು ಆಕೆಯನ್ನು ನೋಡಿದರು. ಆಮೇಲೆ ಸೋಮವಾರ ಎಂಬುದನ್ನು ಹೊಡೆದುಹಾಕಿಸಿ ಅಮಾವಾಸ್ಯೆ ಎಂದು ಬರೆಸಿದರು.

ಸುಲ್ತಾನಸಾಬ ನನ್ನ ಕಿವಿಯಲ್ಲಿ ಅದೆಲ್ಲವನ್ನೂ ಕೂಗಿ ಹೇಳಿದ್ದಕ್ಕೆ ಇಬ್ಬರನ್ನೂ ಕೋರ್ಟಿನಿಂದ ಹೊರಗೆ ಹಾಕಿದರು. ವರಾಂಡದಲ್ಲಿ ನಾನು ಅತ್ತೆ. “ಯಾಕ್ರಿ ಸಾಹೇಬ್ರ, ಅಕಿ ಗೆದ್ದಾಳಲ್ಲ?” ಅಂದ. ಮೂವತ್ತೊಂದು ವರ್ಷದಲ್ಲಿ ಒಬ್ಬ ಕೂಲಿ ಹೆಣ್ಣುಮಗಳು ಆ ಜಾಗದಲ್ಲಿ ನಿಂತು ಇಲ್ಲ ಅಂದದ್ದನ್ನು ನಾನು ಟೈಪ್ ಮಾಡಿರಲಿಲ್ಲ. ಅವನಿಗೆ ಅದನ್ನು ಹೇಗೆ ಹೇಳಲಿ?

ಇದೇ ಇಪ್ಪತ್ತೊಂಬತ್ತಕ್ಕೆ ಅಮಾವಾಸ್ಯೆ, ಮರುದಿನ ಯುಗಾದಿ. ಓಣಿಯ ತಿರುವಿನಲ್ಲಿ ನಿಲ್ಲದೆ ಮನೆಗೆ ಬಾ. ಬಂದು ಕೂತ ಮೇಲೆ ನಾನು ನಿನ್ನನ್ನು ಕೇಳುತ್ತೇನೆ, ಆರಾಮಿದ್ದೀಯೇನು ಎಂದು. ಇಲ್ಲದಿದ್ದರೆ ಇಲ್ಲ ಎಂದೇ ಹೇಳು, ನಾನು ಎದ್ದು ಹೋಗುವುದಿಲ್ಲ.

ನಿನ್ನ ಅಪ್ಪ,
ಅಂಬ್ರಪ್ಪ